ಗುಡ್ಡದ ಮೇಲಿನ ಮನೆಗೆ ಅಂಗವಿಕಲ ವೇತನ

ಕಾನೂನು ಇದೆ, ಕಾರ್ಡು ಇದೆ, ಆದರೂ ನಿಮ್ಮ ಕಡೆ ಅಂಗವಿಕಲ ವೇತನ ಮಂಜೂರಾಗಲು ಅಷ್ಟೇಕೆ ತಡವಾಗುತ್ತದೆ ಎಂದು ಕೇಳಿದ್ದೀರಿ. ಸಾಗರ ತಾಲ್ಲೂಕಿನಲ್ಲಿರುವ ನಮ್ಮ ಚಿಕ್ಕಪ್ಪನ ಅನುಭವವನ್ನೇ ಹೇಳುತ್ತೇನೆ.

ಚಿಕ್ಕಪ್ಪ ಅಡಿಕೆ ಮರ ಹತ್ತಿ ಕೊನೆ, ಅಂದರೆ ಅಡಿಕೆ ಗೊನೆ, ಇಳಿಸುವ ಕೊನೆಗಾರರಾಗಿದ್ದರು. ಮಳೆಗಾಲದಲ್ಲಿ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯಲು ಹತ್ತಿದ್ದ ಮರದಿಂದ ಜಾರಿ ಬಿದ್ದು ತೊಡೆಯ ಮೂಳೆ ಮುರಿಯಿತು. ಅದು ಸೊಟ್ಟಗೆ ಕೂಡಿಕೊಂಡು ಬಲಗಾಲು ಗಿಡ್ಡವಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಗುರುತಿಸುತ್ತದೆಯಾದರೂ, ವೇತನ ಸಿಗಬೇಕಾದರೆ ಕನಿಷ್ಠ ಶೇ 40ರಷ್ಟು ನ್ಯೂನತೆ ಇದೆಯೆಂದು ವೈದ್ಯರು ಬರೆದುಕೊಡಬೇಕು. ಆ ಒಂದು ಸಂಖ್ಯೆಗಾಗಿ ನಾವು ಮೂರು ಸಲ ಆಸ್ಪತ್ರೆಗೆ ಹೋದೆವು. ನಮ್ಮಲ್ಲಿ ಗುಡ್ಡಕ್ಕೊಂದು ಮನೆ. ಚಿಕ್ಕಪ್ಪನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಇಬ್ಬರು ಹೊತ್ತು, ಹಳ್ಳದ ಮೇಲಿನ ಸಂಕ (ಕಾಲುಸೇತುವೆ) ದಾಟಿಸಿ, ಡಾಂಬರು ರಸ್ತೆಗೆ ತಂದ ಮೇಲಷ್ಟೇ ಬಸ್ಸಿನ ಮಾತು. ಮೊದಲ ಸಲ ಮೂಳೆ ವೈದ್ಯರು ರಜೆಯಲ್ಲಿದ್ದರು, ಎರಡನೆಯ ಸಲ ಎಕ್ಸ್‌ರೇ ಹಳೆಯದಾಯಿತೆಂದರು. ಮೂರನೆಯ ಸಲ ಪರೀಕ್ಷೆ ನಡೆದು, ಬಂದದ್ದು ಶೇ 35.

ವೈದ್ಯರು ತಪ್ಪಾಗಿ ಅಳೆದರೆಂದು ನಾನು ಹೇಳಲಾರೆ. ಅವರು ಮಂಡಿಯನ್ನು ಮಡಿಸಿ ನೋಡಿದರು, ಎರಡೂ ಕಾಲಿಗೆ ಟೇಪು ಹಿಡಿದರು, ನಯವಾದ ನೆಲದ ಮೇಲೆ ಹತ್ತು ಹೆಜ್ಜೆ ನಡೆಸಿದರು. ಚಿಕ್ಕಪ್ಪ ಮರ್ಯಾದೆಗೆ ಅಂಜಿ, ಹಲ್ಲು ಕಚ್ಚಿ, ನೆಟ್ಟಗೆ ನಡೆದು ತೋರಿಸಿದರು. ಆದರೆ ಮರವನ್ನೇ ನಂಬಿ ಬದುಕಿದ ಮನುಷ್ಯ ಇನ್ನು ಮರ ಹತ್ತಲಾರ, ಕಡಿದಾದ ದರೆ ಇಳಿಯಲಾರ ಎಂಬುದನ್ನು ಬರೆಯಲು ಆ ನಮೂನೆಯಲ್ಲಿ ಜಾಗವಿರಲಿಲ್ಲ. ನನ್ನನ್ನು ಈಗಲೂ ನೋಯಿಸುವುದು ಇದೇ.

ನಮ್ಮ ತಾಲ್ಲೂಕಿನ ಹಂದಿಗೋಡಿನ ಹೆಸರನ್ನೇ ಹೊತ್ತಿರುವ ಕಾಯಿಲೆಯನ್ನು ನೀವು ಕೇಳಿರಬಹುದು. 1970ರ ದಶಕದಲ್ಲಿ ಬೆಳಕಿಗೆ ಬಂದ ಅದು ಬಡ ದಲಿತ ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದು, ಸೊಂಟ ಮತ್ತು ಮಂಡಿಯ ಕೀಲುಗಳನ್ನು ವರ್ಷದಿಂದ ವರ್ಷಕ್ಕೆ ಸವೆಸುತ್ತದೆ. ಹೀಗೆ ಬೆಳೆಯುತ್ತಲೇ ಹೋಗುವ ನೋವನ್ನು ಒಂದು ದಿನದ ಪರೀಕ್ಷೆಯಿಂದ ಅಳೆದು ಮುಗಿಸುವುದು ನ್ಯಾಯವೆಂದು ನನಗೆ ತೋರುವುದಿಲ್ಲ.

ಪ್ರಮಾಣಪತ್ರ ಸಿಕ್ಕವರಿಗೂ ನಾಡಕಚೇರಿಯ ಅರ್ಜಿ, ಆದಾಯ ಪತ್ರ, ಆಧಾರ್ ಜೋಡಣೆ, ಸ್ಥಳ ಪರಿಶೀಲನೆ ಎಲ್ಲವೂ ಬಾಕಿ ಇರುತ್ತದೆ. 2021ರಲ್ಲಿ ಹೆಚ್ಚಿಸಿದ ಮೇಲೂ ಶೇ 40ರಿಂದ 75ರವರೆಗಿನ ನ್ಯೂನತೆಗೆ ತಿಂಗಳಿಗೆ ಸಿಕ್ಕಿದ್ದು 800 ರೂಪಾಯಿ. ಮೂರು ಸಲದ ಓಡಾಟಕ್ಕೆ ನಮಗೆ ಅದಕ್ಕಿಂತ ಹೆಚ್ಚು ಖರ್ಚಾಗಿದೆ.

ಪ್ರಮಾಣಪತ್ರದ ತೀರ್ಮಾನ ಒಪ್ಪಿಗೆಯಾಗದಿದ್ದರೆ ಕಾಯ್ದೆಯ 59ನೇ ಕಲಮಿನಡಿ ಮೇಲ್ಮನವಿ ಸಲ್ಲಿಸಬಹುದೆಂದು ನಮಗೆ ತಿಳಿಸಿದವರು ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅವರೂ ಅಂಗವಿಕಲರೇ. ಅರ್ಜಿ ಕೊಟ್ಟಿದ್ದೇವೆ. ಕರೆ ಬಂದ ದಿನ ಕುರ್ಚಿ ಹೊರಲು ಪಕ್ಕದ ಮನೆಯ ಹುಡುಗರಿಗೆ ಹೇಳಿಟ್ಟಿದ್ದೇನೆ. ವೈದ್ಯರ ಮುಂದೆ ನೋವನ್ನು ಮುಚ್ಚಿಡಬೇಡಿ ಎಂದು ಚಿಕ್ಕಪ್ಪನಿಗೂ ಹೇಳಿದ್ದೇನೆ.