ಡಬ್ಬಿ ಇನ್ನೂ ನನ್ನಲ್ಲೇ ಉಂಟು

ಪ್ರಶ್ನೆ: ನನಗೆ 64. ಕಲ್ಸಂಕದ ಹತ್ತಿರ ಹಳೆ ಹೆಂಚಿನ ಮನೆಯಲ್ಲಿ ಒಬ್ಬನೇ ಇದ್ದೇನೆ. ಕಚೇರಿಯಲ್ಲಿ ನನ್ನ ಬಡ್ತಿ ತಪ್ಪಿಸಿದವರನ್ನೂ ಆಸ್ತಿ ಪಾಲಿನಲ್ಲಿ ಮೋಸ ಮಾಡಿದ ಒಡಹುಟ್ಟಿದವರನ್ನೂ ನೋಡಿದ್ದೇನೆ. ಮನುಷ್ಯ ಸುಮ್ನೆ ಯಾರಿಗೂ ಏನೂ ಕೊಡುವುದಿಲ್ಲ. ಆಟಿ ತಿಂಗಳಲ್ಲಿ ಪಕ್ಕದ ಮನೆ ಹುಡುಗಿ ಬಾಗಿಲು ತಟ್ಟಿ, ‘ಮಾಮ, ಪತ್ರೊಡೆ ಉಂಟು’ ಎಂದು ಕರೆದಳು. ನಾನು ಲೈಟ್ ಆರಿಸಿ ಉಸಿರು ಬಿಗಿಹಿಡಿದು ಕೂತೆ. ಹಸಿವಿತ್ತು. ಪತ್ರೊಡೆ ಎಂದರೆ ನನಗೆ ಪ್ರಾಣ. ಆದರೂ ಏಳಲಿಲ್ಲ. ಅವಳು ಡಬ್ಬಿಯನ್ನು ಜಗಲಿಯಲ್ಲಿಟ್ಟು ಹೋದಳು. ರಾತ್ರಿ ಕಳ್ಳನ ಹಾಗೆ ಒಳಗೆ ತಂದು ತಿಂದೆ. ಮೂರು ವಾರವಾಯಿತು, ಡಬ್ಬಿ ಇನ್ನೂ ನನ್ನಲ್ಲೇ ಉಂಟು. ನಾವು ನಿರ್ಧರಿಸುವ ಮೊದಲೇ ಮಿದುಳು ನಿರ್ಧರಿಸಿರುತ್ತದೆ ಎಂದು ಓದಿದ್ದೇನೆ. ಮಧ್ವಾಚಾರ್ಯರೂ ಜೀವ ಅಸ್ವತಂತ್ರ ಎಂದಿದ್ದಾರೆ. ಹಾಗಾದರೆ ಆವತ್ತು ಬಾಗಿಲು ತೆರೆಯದೆ ಇದ್ದದ್ದು ನಾನೇ ಹೌದಾ?
— ಒಬ್ಬ ಓದುಗ, ಉಡುಪಿ

ಉತ್ತರ: ಹೌದು, ನೀವೇ. ಬೈಯಲು ಹೇಳುತ್ತಿಲ್ಲ. ಪತ್ರ ಓದಿ ಸಂಕಟವಾಯಿತು. ಹಾಗೆ ಕತ್ತಲೆಯಲ್ಲಿ ಕೂತದ್ದು ನನಗೂ ಗೊತ್ತು.

ಮಿದುಳಿನ ವಿಷಯ ಮೊದಲು. ನೀವು ಓದಿದ್ದು ಅಮೆರಿಕದ ಮಿದುಳು ವಿಜ್ಞಾನಿ ಬೆಂಜಮಿನ್ ಲಿಬೆಟ್ ಅವರ ಪ್ರಯೋಗದ ಬಗ್ಗೆ ಇರಬೇಕು. ಪ್ರಕಟವಾದದ್ದು 1983ರಲ್ಲಿ. ಮನಸ್ಸು ಬಂದಾಗ ಕೈ ಅಲ್ಲಾಡಿಸಿ, ಮನಸ್ಸು ಬಂದ ಕ್ಷಣವನ್ನು ಗಡಿಯಾರ ನೋಡಿ ಹೇಳಿ ಎಂದಿದ್ದರು. ಕೈ ಅಲ್ಲಾಡುವ ಸುಮಾರು ಅರ್ಧ ಸೆಕೆಂಡ್ ಮೊದಲೇ ಮಿದುಳಿನಲ್ಲಿ ತಯಾರಿ ಶುರುವಾಗಿತ್ತು. ಮಾಡಬೇಕು ಎಂಬ ಅರಿವು ಬಂದದ್ದು ಸುಮಾರು 0.2 ಸೆಕೆಂಡ್ ಮೊದಲು. ಆ ಉಳಿದ ಚೂರು ಹೊತ್ತಿನಲ್ಲೂ ‘ಬೇಡ’ ಎಂದು ತಡೆಯಲು ಮನುಷ್ಯನಿಗೆ ಸಾಧ್ಯ ಎಂದೇ ಲಿಬೆಟ್ ನಂಬಿದ್ದರು. ಅಷ್ಟಕ್ಕೂ, ಕಾರಣವಿಲ್ಲದೆ ಕೈ ಅಲ್ಲಾಡಿಸುವುದು ಎಲ್ಲಿ, ಮೂರು ವಾರ ದಿನಾ ಆ ಡಬ್ಬಿಯ ಮುಖ ನೋಡುವುದು ಎಲ್ಲಿ? ಈ ಮಧ್ಯೆ ಎಷ್ಟು ಸಲ ಅದನ್ನು ಹಿಡಿದು ಬಾಗಿಲವರೆಗೆ ಹೋಗಿ ವಾಪಸ್ ಬಂದಿರಿ?

ಮಧ್ವಾಚಾರ್ಯರ ಮಾತನ್ನೂ ಅರ್ಧಕ್ಕೇ ನಿಲ್ಲಿಸಿದ್ದೀರಿ. ಸ್ವತಂತ್ರ ವಿಷ್ಣು ಒಬ್ಬನೇ, ಜೀವ ಅವನ ಅಧೀನ, ನಿಜ. ಆದರೆ ಜೀವ ಏನೂ ಮಾಡುವುದೇ ಇಲ್ಲ ಎಂದು ಅವರು ಹೇಳಲಿಲ್ಲ. ಮಾಡುವವನೇ ಇಲ್ಲದಿದ್ದರೆ ‘ಇದು ಮಾಡು, ಅದು ಬಿಡು’ ಎಂದು ಶಾಸ್ತ್ರ ಯಾರಿಗೆ ಹೇಳಬೇಕು? ಗೀತೆಯ 18ನೇ ಅಧ್ಯಾಯದಲ್ಲಿ ಕೃಷ್ಣ ಅರ್ಜುನನಿಗೆ ಅಷ್ಟೆಲ್ಲ ಹೇಳಿದ ಮೇಲೆ, ‘ಯಥೇಚ್ಛಸಿ ತಥಾ ಕುರು’ ಎನ್ನುತ್ತಾನೆ. ಪೂರ್ತಿ ಯೋಚಿಸು, ಆಮೇಲೆ ನಿನ್ನಿಷ್ಟ.

ನನ್ನ ಅಕ್ಕನ ಮನೆ ಮಂಗಳೂರಿನ ಮಣ್ಣಗುಡ್ಡೆಯಲ್ಲಿ. ಅಮ್ಮನ ಬಳೆಯ ವಿಷಯಕ್ಕೆ ಮಾತು ಬೆಳೆದು ಎರಡು ವರ್ಷ ಅಲ್ಲಿಗೆ ಹೋಗಲಿಲ್ಲ. ಬಸ್ಸು ಲೇಡಿಹಿಲ್ ದಾಟುವಾಗ ಇನ್ನೊಂದು ಬದಿಗೆ ಮುಖ ತಿರುಗಿಸಿ ಕೂರುತ್ತಿದ್ದೆ. ಯಾರ ಮಾತಿಗೂ ಬಗ್ಗುವವಳಲ್ಲ ಎಂಬ ಸೊಕ್ಕು ಬೇರೆ. ಆದರೆ ಎಲ್ಲಿ ಮುಖ ತಿರುಗಿಸಬೇಕು, ಯಾವ ಮದುವೆಗೆ ಹೋಗಬಾರದು ಎಂದೆಲ್ಲ ತೀರ್ಮಾನಿಸಿದ್ದು ಆ ಬಳೆ. ನಿಮ್ಮ ಬಾಗಿಲನ್ನೂ ಆವತ್ತು ನಿಮ್ಮ ಹಳೆ ಕಚೇರಿಯವರು ಒಳಗಿಂದ ಹಿಡಿದುಕೊಂಡಿದ್ದರು. ಒಳಗೆ ಬಿಟ್ಟುಕೊಂಡವರು ನೀವು.

ಸುಮ್ನೆ ಯಾರೂ ಕೊಡುವುದಿಲ್ಲ ಎಂದಿರಿ. ಪತ್ರೊಡೆ ಮಾಡುವುದನ್ನು ನೋಡಿದ್ದೀರಲ್ಲ? ಮಳೆಯಲ್ಲಿ ಕೆಸುವಿನ ಎಲೆ ಕೊಯ್ಯಬೇಕು. ಒಂದೊಂದರ ನಾರು ತೆಗೆಯಬೇಕು. ಗಂಟಲು ತುರಿಸದ ಹಾಗೆ ಹುಳಿ ಹಾಕಿ ಅಕ್ಕಿ ರುಬ್ಬಿ, ಎಲೆಯ ಮೇಲೆ ಎಲೆ ಇಟ್ಟು ಹಿಟ್ಟು ಸವರಿ, ಸುತ್ತಿ, ಹಬೆಯಲ್ಲಿ ಬೇಯಿಸಬೇಕು. ಅರ್ಧ ದಿನದ ಕೆಲಸ. ಒಳ್ಳೆಯವರು ಅನಿಸಿಕೊಳ್ಳುವ ಆಸೆ ಆ ಮನೆಯವರಿಗೆ ಸ್ವಲ್ಪ ಇದ್ದೀತು. ಇರಲಿ. ಪಕ್ಕದಲ್ಲಿ ಒಬ್ಬರು ಒಂಟಿಯಾಗಿದ್ದಾರೆ ಎಂಬ ನೆನಪೂ ಇತ್ತು, ಅಲ್ವಾ? ಒಂದೇ ಮನಸ್ಸಿನಲ್ಲಿ ಎರಡೂ ಇರುತ್ತವೆ. ನಿಮ್ಮಲ್ಲಿ ಹಠವೂ ಹಸಿವೂ ಒಟ್ಟಿಗೇ ಇದ್ದ ಹಾಗೆ.

ಹುಡುಗಿ ಮನೆಗೆ ಬರುವ ಹೊತ್ತು ನಿಮಗೆ ಗೊತ್ತಿರುತ್ತದೆ. ಡಬ್ಬಿ ಖಾಲಿ ಕೊಡಬೇಡಿ, ಒಂದು ಹಿಡಿ ಸಕ್ಕರೆಯಾದರೂ ಹಾಕಿ. ತಡವಾದದ್ದಕ್ಕೆ ಕಾರಣ ಹೇಳಬೇಕಾಗಿಲ್ಲ. ಪತ್ರೊಡೆ ಚೆನ್ನಾಗಿತ್ತು ಅಂದರೆ ಸಾಕು. ಆಮೇಲೆ ಏನಾಯಿತು ಎಂದು ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.