ಆ ಹಸಿರು ಬೀಟಲ್ ಎಷ್ಟು ಸಲ ಬಂತು?

ಪ್ರಶ್ನೆ: ‘ಬುಲಿಟ್’, ‘ದ ಫ್ರೆಂಚ್ ಕನೆಕ್ಷನ್’ ಸಿನಿಮಾಗಳಲ್ಲಿ ಯಾವುದರ ಕಾರಿನ ಓಟ ಮೇಲು?
– ಓದುಗರೊಬ್ಬರು, ಮಲ್ಪೆ

ಉತ್ತರ: ಎರಡಕ್ಕೂ ಸಂಕಲನದ ಆಸ್ಕರ್ ಬಂದಿದೆ, ನನ್ನ ಮತ 1968ರ ‘ಬುಲಿಟ್’ಗೆ. ಓಟ ಬಿರುಸಾದೊಡನೆ ಸಂಗೀತ ನಿಲ್ಲುತ್ತದೆ. ಉಳಿಯುವುದು ಎಂಜಿನ್ ಗರ್ಜನೆ, ಟಯರುಗಳ ಕಿರುಚಾಟ. ಸ್ಯಾನ್ ಫ್ರಾನ್ಸಿಸ್ಕೋದ ದಿಬ್ಬಗಳಲ್ಲಿ ನಾಯಕನ ಮಸ್ಟಾಂಗ್ ಕಾರು ಹಾರುವಾಗೆಲ್ಲ, ಮಂಗಳೂರಿನ ಲೈಟ್‌ಹೌಸ್ ಹಿಲ್‌ನಿಂದ ಹಂಪನಕಟ್ಟೆಗೆ ನನ್ನ ಹಳೆಯ ಫಿಯೆಟ್ ಇಳಿಸುತ್ತಿದ್ದ ದಿನಗಳು ನೆನಪಾಗಿ ಹೊಟ್ಟೆ ಝಲ್ಲೆನ್ನುತ್ತದೆ. (ನಾನು ಶೂರನಲ್ಲ, ಬ್ರೇಕ್ ಹಿಡಿಯುತ್ತಿರಲಿಲ್ಲ.) ಎಡವಟ್ಟುಗಳೂ ಇವೆ: ಒಂದೇ ಹಸಿರು ಬೀಟಲ್ ಕಾರು ಮತ್ತೆ ಮತ್ತೆ ಎದುರಾಗುತ್ತದೆ, ಖಳರ ಡಾಡ್ಜ್ ಕಾರಿನಿಂದ ನಾಲ್ಕಕ್ಕಿಂತ ಹೆಚ್ಚು ವೀಲ್‌ಕ್ಯಾಪ್‌ಗಳು ಉದುರುತ್ತವೆ! 1971ರ ‘ಕನೆಕ್ಷನ್’ನಲ್ಲಿ ಬ್ರೂಕ್ಲಿನ್‌ನ ಎತ್ತರದ ಹಳಿಯ ಮೇಲೆ ಓಡುವ ರೈಲನ್ನು ಕೆಳಗಿನ ರಸ್ತೆಯಿಂದ ಕಾರು ಬೆನ್ನಟ್ಟುತ್ತದೆ. ಭಯ ಅಲ್ಲೇ ಹೆಚ್ಚು, ಒಪ್ಪುತ್ತೇನೆ. ಆದರೆ ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನ ಮುಂದಿನ ಸೀಟಿನಲ್ಲಿ ಕುಳಿತವರಿಗೆ ಅದೇನು ಹೊಸತೇ ಮಾರಾಯರೇ?