ಮಂಡಿ ಆಪರೇಷನ್ ಆದಮೇಲೆ ರಾತ್ರಿ ನೋವು: ವ್ಯಾಯಾಮ ನಿಲ್ಲಿಸಬೇಕಾ?

ಅಮ್ಮನಿಗೆ ಮಂಡಿ ಬದಲಾಯಿಸಿ ಮೂರು ವಾರ ಆಯ್ತು, ರಾತ್ರಿ ನೋವಿಗೆ ನಿದ್ದೆಯಿಲ್ಲ, ವ್ಯಾಯಾಮ ನಿಲ್ಲಿಸಲಾ ಅಂತ ಕೇಳಿದ್ದೀರಿ. ನಿಮ್ಮದು ಸೋಮವಾರಪೇಟೆ, ನನ್ನದು ಮಡಿಕೇರಿ ಹತ್ತಿರ. ಹೋದ ಮಳೆಗಾಲಕ್ಕೆ ಮುಂಚೆ ನಾನೂ ಬಲ ಮಂಡಿ ಮಾಡಿಸಿಕೊಂಡೆ. ಡಾಕ್ಟರೇ ಬೇಡ ಅನ್ನದಿದ್ದರೆ ವ್ಯಾಯಾಮ ನಿಲ್ಲಿಸಬೇಡಿ. ಈ ಹಂತದಲ್ಲಿ ರಾತ್ರಿ ನೋವು ತುಂಬಾ ಜನರಿಗೆ ಇರುತ್ತದೆ. ಬಿಟ್ಟರೆ ಮಂಡಿ ಬಿಗಿಯಾಗುತ್ತದೆ, ಆಮೇಲೆ ಮಡಿಸುವುದು ಇನ್ನೂ ಕಷ್ಟ.

ನಮ್ಮ ಕಡೆ ಹಿರಿಯರು "ತಡೆಯೋಕೆ ಆಗದಿದ್ರೆ ತಗೋತೀನಿ" ಅಂತ ಮಾತ್ರೆ ಎತ್ತಿಟ್ಟುಬಿಡುತ್ತಾರೆ. ಇಲ್ಲಿ ಆ ಹಟ ಬೇಡ. ನೋವು ಏರಿದ ಮೇಲೆ ಇಳಿಸುವುದು ಕಷ್ಟ. ಬರೆದುಕೊಟ್ಟ ಹೊತ್ತಿಗೇ ಕೊಡಿ. ಅದರಲ್ಲೊಂದು ವ್ಯಾಯಾಮಕ್ಕೆ ಅರ್ಧ ಮುಕ್ಕಾಲು ಗಂಟೆ ಮುಂಚೆ ಬೀಳುವ ಹಾಗೆ, ಇನ್ನೊಂದು ಮಲಗುವ ಹೊತ್ತಿಗೆ ಬರುವ ಹಾಗೆ ಡಾಕ್ಟರ ಹತ್ತಿರ ಕೇಳಿ ಹೊಂದಿಸಿಕೊಳ್ಳಿ. ಮೆಡಿಕಲ್‌ನಿಂದ ಸುಮ್ನೆ ಇನ್ನೊಂದು ನೋವಿನ ಮಾತ್ರೆ ತಂದು ಸೇರಿಸಬೇಡಿ. ಕಿಡ್ನಿಗೂ ಹೊಟ್ಟೆಗೂ ಪೆಟ್ಟು. ಬರೆದುಕೊಟ್ಟದ್ದರಲ್ಲಿ ಟ್ರಮಡಾಲ್ ಅನ್ನುವ ಬಲವಾದ ನೋವಿನ ಮಾತ್ರೆ ಇದ್ದರೆ ಮಲಬದ್ಧತೆ ಆಗಬಹುದು, ಆದರೆ ಅದನ್ನೂ ಡಾಕ್ಟರಿಗೆ ಹೇಳಿ.

ನಂಟರು ಬಂದರೆ ಎಣ್ಣೆ ತಿಕ್ಕು, ಒಲೆ ಮುಂದೆ ಕೂರು ಅಂತಾರೆ. ಈಗ ಬೇಕಾದದ್ದು ಐಸ್. ಜುಲೈ ಚಳಿಯಲ್ಲಿ ಯಾರಿಗೆ ಬೇಕು ಹೇಳಿ! ಆದರೂ ಬಟ್ಟೆ ಸುತ್ತಿ 15–20 ನಿಮಿಷ ಇಡಿ, ವ್ಯಾಯಾಮದ ನಂತರ ತಪ್ಪಿಸಬೇಡಿ. ಗಾಯ ಒದ್ದೆಯಾಗಬಾರದು.

ಮಲಗಿದಾಗ ಮಂಡಿ ಕೆಳಗೆ ದಿಂಬು ಬೇಡ. ಹಾಯೆನಿಸುತ್ತದೆ ನಿಜ, ಆದರೆ ಕಾಲು ಪೂರ್ತಿ ನೇರವಾಗುವುದೇ ಇಲ್ಲ. ಹಿಮ್ಮಡಿ ಕೆಳಗೆ ಇಡಿ. ಮಡಿಸುವುದನ್ನು ಎಲ್ಲರೂ ಅಳೆಯುತ್ತಾರೆ, ನೇರ ಮಾಡುವುದನ್ನು ಮರೆಯುತ್ತಾರೆ. ಕಾಲು ನೇರವಾಗದಿದ್ದರೆ ಕುಂಟು ಉಳಿದುಬಿಡುತ್ತದೆ.

ನಮ್ಮ ಮನೆಗಳಿಗೆ ಮೆಟ್ಟಿಲಿಲ್ಲದೆ ದಾರಿ ಇಲ್ಲವಲ್ಲ. ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಪಾಚಿ ಹಿಡಿದ ಅಂಗಳಕ್ಕೆ ವಾಕರ್ ಇದ್ದರೂ ಬಿಡಬೇಡಿ. ತೋಟದ ಇಳಿಜಾರು ಸದ್ಯಕ್ಕೆ ದೂರದಿಂದಲೇ ನೋಡಲಿ.

ಊತ, ಬಿಸಿ, ಗಾಯದ ಪಕ್ಕದ ಜೋಮು ತಿಂಗಳುಗಟ್ಟಲೆ ಇರಬಹುದು, ಗಾಬರಿ ಬೇಡ. ಆದರೆ ಜ್ವರ, ಗಾಯದಿಂದ ಕೀವು, ಮೀನಖಂಡದಲ್ಲಿ ಹೊಸ ನೋವು ಊತ ಕಂಡರೆ ಅದೇ ದಿನ ತೋರಿಸಿ. ಎದೆನೋವು, ಉಸಿರಾಟದ ತೊಂದರೆ ಬಂದರೆ ತಕ್ಷಣ 108ಕ್ಕೆ ಫೋನ್ ಮಾಡಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ಆಪರೇಷನ್ ಮಾಡಿದವರು ಮೈಸೂರಿನಲ್ಲಿದ್ದಾರೆ ಅಂತ ಅಲ್ಲಿಗೇ ಹೊರಡಬೇಡಿ.